ಎರಡು ಮೂರ್ಲ ಆರು

ಹೋದ ವಾರ ನಮ್ಮ ಹಳೆಯ ಪ್ರೋಗ್ರಾಮನ್ನು ಚೊಕ್ಕಟ ಮಾಡುತ್ತಿದ್ದ ಹುಡುಗಿ ಕೇಳಿದಳು: "ಸರ್, ಎಲ್ಲಾ ಫೈಲಲ್ಲೂ ಮೇಲ್ಗಡೆ ಸಿಕ್ಸ್ ಅಂತ ಇದ್ಯಲ್ಲ, ಏನದು? ತೆಗೆದುಬಿಡ್ಲಾ?" ಎರಡು ಮೂರ್ಲ ಆರು ಎಂದು ನಾನು ಶುರುಮಾಡುವಷ್ಟರಲ್ಲಿ ತೆಗೆದಾಗಿತ್ತು.

ಪೈಥಾನ್ 2 ಮತ್ತು 3 ಎರಡರಲ್ಲೂ ಒಂದೇ ಕೋಡ್ ನಡೆಯಲಿ ಎಂದು ಹಾಕಿದ ಕಾಲುಸಂಕ ಅದು. ಮೂರು ಬಂದದ್ದು 2008ರ ಡಿಸೆಂಬರಿನಲ್ಲಿ. ಎರಡಕ್ಕೆ 2015ರವರೆಗೆ ಆಯಸ್ಸು ಅಂದವರು ಅದನ್ನು 2020ಕ್ಕೆ ಮುಂದೂಡಿದರು. ನಾವೂ ಕೆಲಸ ಮುಂದೂಡಿದೆವು. 2017ರ ಕೊನೆಗೆ, ನಮ್ಮ ಪ್ರೋಗ್ರಾಮ್ ನಿಂತಿದ್ದ ಜಾಂಗೋ ಚೌಕಟ್ಟಿನ 2.0 ಬಂದು ಪೈಥಾನ್ 2ರ ಕೈಬಿಟ್ಟಾಗ ಬೇರೆ ದಾರಿ ಉಳಿಯಲಿಲ್ಲ.

ಜಯನಗರದ ಮಹಡಿ ಆಫೀಸಿನಲ್ಲಿ ಎರಡರ ಕೋಡನ್ನು ಮೂರಕ್ಕೆ ಬದಲಿಸುವ ಕೆಲಸ ಕಲಿಸಿದವರು ನಮ್ಮ ಹಿರಿಯರೊಬ್ಬರು. ಮ್ಯಾನೇಜರ್ ಎರಡು ವಾರ ಅಂದರು, ಇವರು ಮೂರು ತಿಂಗಳು ಅಂದರು, ಆರು ವಾರಕ್ಕೆ ಕುದುರಿತು. ಅದಕ್ಕೆಂದೇ ಇದ್ದ ಟೂ-ಟು-ತ್ರೀ ಎಂಬ ಪ್ರೋಗ್ರಾಮ್ ಓಡಿಸಿದರೆ ಪ್ರಿಂಟ್ ಸಾಲುಗಳೆಲ್ಲ ತಾವಾಗಿ ಸರಿಹೋಗುತ್ತಿದ್ದವು. ಭಾಗಾಕಾರ ಹಾಗಲ್ಲ. 7 ಪೆಟ್ಟಿಗೆಯನ್ನು 2 ಗಾಡಿಗೆ ಹಂಚಿದರೆ ಹಳೆಯದು 3 ಅನ್ನುತ್ತಿತ್ತು, ಹೊಸದು 3.5. ಎಲ್ಲೂ ಎರರ್ ಬರುವುದಿಲ್ಲ. ಅದಕ್ಕೇ ಅವರು ಕೋಡನ್ನೆಲ್ಲ ಕಾಗದಕ್ಕೆ ತೆಗೆಸುತ್ತಿದ್ದರು. ಪ್ರಿಂಟರಿನಿಂದ ಬಂದ ಬಿಸಿ ಹಾಳೆಯ ಆ ಸುಟ್ಟ ವಾಸನೆ ಇವತ್ತಿಗೂ ನನ್ನ ಮೂಗಿನಲ್ಲಿದೆ. ಭಾಗಾಕಾರದ ಒಂದೊಂದು ಓರೆಗೆರೆಗೂ ಪೆನ್ಸಿಲಿನಲ್ಲಿ ಸುತ್ತುಹಾಕಿ, "ಬರೆದವನಿಗೆ ಮೂರೇ ಬೇಕಿತ್ತಾ, ಗೊತ್ತಿಲ್ಲದೆ ಮೂರು ಬಂತಾ, ನೋಡು" ಅನ್ನುತ್ತಿದ್ದರು.

ಹಾಗಂತ ಎರಡಕ್ಕಾಗಿ ಕೊರಗಲಾರೆ. 'ಕನ್ನಡ' ಎಂಬ ಪದದ ಉದ್ದ ಕೇಳಿದರೆ ಅದು ಬೈಟುಗಳನ್ನು ಎಣಿಸಿ 15 ಅನ್ನುತ್ತಿತ್ತು. ರಶೀದಿಯಲ್ಲಿ ಹೆಸರನ್ನು 20ಕ್ಕೆ ಕತ್ತರಿಸುವ ಸಾಲೊಂದಿತ್ತು. ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟು, ಆರು ಮುಗಿದು ಏಳನೆಯದರ ಹೊಟ್ಟೆಗೇ ಕತ್ತರಿ. ಗಿರಾಕಿಯ ಹೆಸರಿನ ತುದಿಯಲ್ಲಿ ಪ್ರಶ್ನೆಗುರುತು. ಇಂಗ್ಲಿಷ್ ಹೆಸರುಗಳು ಸರಿಯಾಗೇ ಬರುತ್ತಿದ್ದವಲ್ಲ, ವರ್ಷಗಟ್ಟಲೆ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಮೂರರಲ್ಲಿ ಅದೇ ಪದ 5. ಓದುವ ನಮಗೆ ಮೂರೇ ಅಕ್ಷರ, ನಿಜ. ಚಿಹ್ನೆ ಸೀಳುವುದಂತೂ ನಿಂತಿತು.

ಈಗ ಹಳೆಯ ಕೋಡನ್ನು ಅದರ ಲೈಬ್ರರಿಗಳ ಸಮೇತ ಕಂಟೇನರಿನಲ್ಲಿ ಮುಚ್ಚಿಟ್ಟು ಓಡಿಸುತ್ತಾರೆ, ಇಲ್ಲವೇ ಎಐಗೆ ಕೊಟ್ಟು ಸಂಜೆಯೊಳಗೆ ಬರೆಸುತ್ತಾರೆ. ಟೂ-ಟು-ತ್ರೀ ಕೂಡ ಪೈಥಾನ್ 3.13ರಲ್ಲಿ ಇಲ್ಲವಾಯಿತು. ಬೇಗ ಮುಗಿಯುವುದಕ್ಕೆ ನನ್ನ ತಕರಾರಿಲ್ಲ. ಬರೆದವನಿಗೆ ಏನು ಬೇಕಿತ್ತು ಎಂದು ಯಾರೂ ಕೂತು ಓದುವುದಿಲ್ಲ, ಅದು ಹೊಟ್ಟೆ ಉರಿಸುತ್ತದೆ.

ಹುಡುಗಿಯ ಪರದೆಯಲ್ಲಿ ಹಂಚಿಕೆಯ ಸಾಲು ಕಂಡಿತು. ಮೂರೂವರೆ ಬೇಡ, ಮೂರೇ ಸಾಕು ಅನ್ನುವ ಎರಡು ಓರೆಗೆರೆ, ಪಕ್ಕದಲ್ಲಿ ನಮ್ಮ ಹಿರಿಯರ ಟಿಪ್ಪಣಿ: ಪೆಟ್ಟಿಗೆ ಒಡೆಯುವಂತಿಲ್ಲ.

"ಅದೊಂದು ಇರಲಿ ಬಿಡಮ್ಮ" ಅಂದೆ.