ಒಂದು ‘ಮತ್ತು’ವಿನ ತಕರಾರು

ಸಾಹಿತ್ಯದ ಪ್ರಶ್ನೆಪತ್ರಿಕೆಗಳಲ್ಲಿ ಸದ್ದಿಲ್ಲದೆ ಕೂತಿರುವ ಒಂದು ಪದದ ಮೇಲೆ ನನಗೆ ಬಹಳ ದಿನಗಳ ಸಿಟ್ಟಿದೆ. ‘ಈ ಕತೆಯ ಆಶಯ ಮತ್ತು ಶೈಲಿಯನ್ನು ವಿವರಿಸಿ’ ಎಂದು ಕೇಳುತ್ತಾರಲ್ಲ, ಅಲ್ಲಿ ನಡುವೆ ಕಾಲು ಚಾಚಿಕೊಂಡಿರುವ ‘ಮತ್ತು’. ಅದರ ಬಲದ ಮೇಲೆಯೇ ಆಶಯಕ್ಕಿಷ್ಟು ಅಂಕ, ಶೈಲಿಗಿಷ್ಟು ಅಂಕ ಎಂದು ಪಾಲು ಮಾಡುವುದು. ದಿನಸಿ ಅಂಗಡಿಯಲ್ಲಿ ಬೇಳೆಯನ್ನೂ ಬೆಲ್ಲವನ್ನೂ ಬೇರೆ ಬೇರೆ ಪೊಟ್ಟಣ ಕಟ್ಟಿದ ಹಾಗೆ. ಗೈಡು ಬರೆಯುವವರಿಗೆ ಇಷ್ಟು ಸಾಕು. ಆಶಯ: ಬಡತನದ ದಾರುಣ ಚಿತ್ರಣ. ಶೈಲಿ: ಸರಳ, ಸುಂದರ, ಮನಮುಟ್ಟುವಂಥದ್ದು. ಇದನ್ನು ಬಾಯಿಪಾಠ ಮಾಡಿಕೊಂಡವನು ಯಾವ ಭಾಷೆಯ ಯಾವ ಕತೆ ಬಂದರೂ ಪಾಸಾಗುತ್ತಾನೆ. ಕತೆ ಓದಿರಬೇಕೆಂದೇನೂ ಇಲ್ಲ. ಹೆಚ್ಚಿನ ಕತೆಗಳು ಈ ಪಾಲುಪಟ್ಟಿಯನ್ನು ಹೇಗೋ ಸಹಿಸಿಕೊಳ್ಳುತ್ತವೆ. ಸಾವಿನ ಮನೆಯಲ್ಲಿ ನಗಿಸುವ ಕತೆಗಳು ಮಾತ್ರ ಸಹಿಸುವುದಿಲ್ಲ. ಅಲ್ಲಿ ಸಾವು ಆಶಯ, ನಗು ಶೈಲಿ ಎಂದು ಬಿಡಿಸಿಟ್ಟರೆ ಎರಡೂ ಬಿಡಿಸಿದವನ ಕೈಯಲ್ಲೇ ಪ್ರಾಣ ಬಿಡುತ್ತವೆ.

ಪ್ರೇಮಚಂದರ ‘ಕಫನ್’ ಅಂಥ ಕತೆ. 1935ರ ಡಿಸೆಂಬರಿನಲ್ಲಿ ಉರ್ದುವಿನ ‘ಜಾಮಿಯಾ’ ಪತ್ರಿಕೆಯಲ್ಲಿ ಬಂತು, ಮರುವರ್ಷ ಏಪ್ರಿಲಿನಲ್ಲಿ ಹಿಂದಿಯ ‘ಚಾಂದ್’ನಲ್ಲಿ. ಅದೇ ಏಪ್ರಿಲಿನಲ್ಲಿ ಅವರು ಲಖನೌದಲ್ಲಿ ಪ್ರಗತಿಶೀಲ ಲೇಖಕರ ಮೊದಲ ಸಮ್ಮೇಳನದ ಅಧ್ಯಕ್ಷರಾಗಿ, ಸೌಂದರ್ಯವನ್ನು ಅಳೆಯುವ ಕೋಲನ್ನೇ ಬದಲಾಯಿಸಬೇಕೆಂದು ವಾದಿಸಿದರು, ಅಕ್ಟೋಬರಿನಲ್ಲಿ ತೀರಿಕೊಂಡರು. ಕಫನ್ ಅಂದರೆ ಹೆಣಕ್ಕೆ ಹೊದಿಸುವ ಬಟ್ಟೆ. ಕತೆಯ ಹೆಸರೇ ಅದಾದರೂ ಕತೆ ಮುಗಿಯುವವರೆಗೆ ಹೆಣದ ಮೇಲೆ ಒಂದು ಗೇಣು ಬಟ್ಟೆಯೂ ಬೀಳುವುದಿಲ್ಲ. ಘೀಸು, ಮಾಧವ ಅಪ್ಪ–ಮಗ. ಇಬ್ಬರೂ ಊರಿಗೇ ಹೆಸರಾದ ಮೈಗಳ್ಳರು. ಅಪ್ಪ ಒಂದು ದಿನ ದುಡಿದರೆ ಮೂರು ದಿನ ಮಲಗುವವನು, ಮಗ ಅರ್ಧ ಗಂಟೆ ದುಡಿದರೆ ಒಂದು ಗಂಟೆ ಚಿಲುಮೆ ಎಳೆಯುವವನು. ಚಳಿಗಾಲದ ರಾತ್ರಿ ಗುಡಿಸಲಿನೊಳಗೆ ಮಾಧವನ ಹೆಂಡತಿ ಬುಧಿಯಾ ಹೆರಿಗೆ ನೋವಿನಲ್ಲಿ ಒದ್ದಾಡುತ್ತಿದ್ದಾಳೆ. ಇವರಿಬ್ಬರು ಬಾಗಿಲಲ್ಲಿ, ಆರಿದ ಬೆಂಕಿಯ ಮುಂದೆ, ಕದ್ದು ತಂದ ಆಲೂಗಡ್ಡೆ ಸುಟ್ಟು ತಿನ್ನುತ್ತಿದ್ದಾರೆ. ಬೆಳಗಾಗುವಷ್ಟರಲ್ಲಿ ಅವಳು ಸತ್ತಿರುತ್ತಾಳೆ, ಹೊಟ್ಟೆಯೊಳಗಿನ ಕೂಸೂ. ಕಫನಿಗೆಂದು ಊರೆಲ್ಲ ಬೇಡಿ ತಂದ ಐದು ರೂಪಾಯಿಯನ್ನು ಹಿಡಿದು ಪೇಟೆಗೆ ಹೋದವರು ರೇಷ್ಮೆ, ಹತ್ತಿ ಎಲ್ಲ ಮುಟ್ಟಿ ನೋಡುತ್ತಾರೆ. ಯಾವುದೂ ಮನಸ್ಸಿಗೆ ಬರುವುದಿಲ್ಲ. ಸಂಜೆಗೆ ಹೆಂಡದಂಗಡಿ ಹೊಗುತ್ತಾರೆ. ಅಷ್ಟೇ ಕತೆ.

ಮೊದಲು ಆಲೂಗಡ್ಡೆಯನ್ನೇ ಹತ್ತಿರದಿಂದ ನೋಡೋಣ. ಒಳಗೆ ಹೋಗಿ ನೋಡಿಕೊಂಡು ಬಾ ಎಂದು ಅಪ್ಪ ಹೇಳಿದರೂ ಮಗ ಏಳುವುದಿಲ್ಲ, ಹೆದರಿಕೆಯಾಗುತ್ತದೆ ಎನ್ನುತ್ತಾನೆ. ನಿಜವಾದ ಹೆದರಿಕೆ ಬೇರೆ: ತಾನು ಎದ್ದರೆ ಅಪ್ಪ ದೊಡ್ಡ ಪಾಲು ಮುಗಿಸಿಬಿಟ್ಟಾನು. ಆಮೇಲೆ ಕತೆಗಾರ ಯಾವ ಅವಸರವೂ ಇಲ್ಲದೆ ಬಿಸಿ ಆಲೂಗಡ್ಡೆಯ ವಿಜ್ಞಾನವನ್ನು ವಿವರಿಸುತ್ತಾನೆ. ಸಿಪ್ಪೆ ಸುಲಿದಾಗ ಮೇಲ್ಭಾಗ ಅಷ್ಟೇನೂ ಸುಡುವುದಿಲ್ಲ. ಹಲ್ಲು ತಾಗಿದ ಕೂಡಲೇ ಒಳಗಿನ ಕೆಂಡದಂಥ ಭಾಗ ನಾಲಿಗೆ, ಅಂಗಳು, ಗಂಟಲನ್ನು ಸುಡುತ್ತದೆ. ಬಾಯಲ್ಲಿ ಇಟ್ಟುಕೊಳ್ಳುವುದಕ್ಕಿಂತ ಬೇಗ ಹೊಟ್ಟೆಗೆ ತಳ್ಳುವುದೇ ಕ್ಷೇಮ, ಅಲ್ಲಿ ತಣಿಸುವ ಸಾಮಗ್ರಿ ಬೇಕಾದಷ್ಟಿದೆ. ಹೀಗೆ ಗುಳುಂ ಎನಿಸುವ ಸಾಹಸದಲ್ಲಿ ಇಬ್ಬರ ಕಣ್ಣಲ್ಲೂ ನೀರು ಬರುತ್ತದೆ. ಗಮನಿಸಬೇಕಾದ್ದು ಇದನ್ನೇ. ಆ ಇಡೀ ರಾತ್ರಿಯಲ್ಲಿ ಅವರ ಕಣ್ಣಿಗೆ ಬಂದ ನೀರು ಇದೊಂದೇ, ಅದು ಬಂದದ್ದು ಆಲೂಗಡ್ಡೆಯಿಂದ. ಒಳಗಿನ ನರಳಾಟಕ್ಕೆ ಸಲ್ಲಬೇಕಾದ ಕಣ್ಣೀರನ್ನು ಕತೆಗಾರ ಬಿಸಿಗಡ್ಡೆಗೆ ಕೊಟ್ಟುಬಿಟ್ಟಿದ್ದಾನೆ. ಇದು ಶೈಲಿಯೋ ಆಶಯವೋ? ಹಸಿವು ಮನುಷ್ಯನ ಕರುಳಿನ ಬಳ್ಳಿಯನ್ನೇ ಕಡಿದುಹಾಕುತ್ತದೆ ಎಂದು ಉಪನ್ಯಾಸ ಕೊಡಬಹುದಿತ್ತು. ನಾವು ತಲೆದೂಗಿ ಮರೆಯುತ್ತಿದ್ದೆವು. ಇಲ್ಲಿ ನಕ್ಕುಬಿಟ್ಟಿರುತ್ತೇವೆ, ನಕ್ಕಾದ ಮೇಲೆ ಒಳಗಿನ ನರಳಾಟ ಕೇಳಿಸುತ್ತದೆ.

ಇನ್ನು ಕತೆ ಹೇಳುವವನ ದನಿ. ಅವನು ಈ ಇಬ್ಬರು ಸೋಮಾರಿಗಳಿಗೆ ತೊಡಿಸುವುದೆಲ್ಲ ದೊಡ್ಡವರ ಮಾತಿನ ಬಟ್ಟೆ. ಇವರು ಸಾಧುಗಳಾಗಿದ್ದರೆ ತೃಪ್ತಿ, ಸಹನೆ ಕಲಿಯಲು ವ್ರತನಿಯಮ ಬೇಕಾಗಿಯೇ ಇರಲಿಲ್ಲ ಎನ್ನುತ್ತಾನೆ. ಮಾಧವ ಅಪ್ಪನ ದಾರಿಯಲ್ಲೇ ನಡೆದು ಅವನ ಹೆಸರನ್ನು ಇನ್ನಷ್ಟು ಬೆಳಗಿಸುತ್ತಿದ್ದಾನೆಂದು ಶಹಬಾಸ್ ಕೊಡುತ್ತಾನೆ. ಹೆಂಡದಂಗಡಿಯಲ್ಲಿ ತಿಂದು ಉಳಿದ ಪೂರಿಯನ್ನು ಭಿಕ್ಷುಕನಿಗೆ ಕೊಟ್ಟಾಗ, ಕೊಡುವುದರ ಹೆಮ್ಮೆಯನ್ನು ಅವರು ಬಾಳಿನಲ್ಲಿ ಮೊದಲ ಬಾರಿ ಅನುಭವಿಸಿದರೆಂದು ಹೇಳುತ್ತಾನೆ. ತೃಪ್ತಿ, ಕುಲಗೌರವ, ದಾನ ಎಲ್ಲವೂ ನಮ್ಮ ನಿತ್ಯದ ನೀತಿಪಾಠದ ಪದಗಳೇ. ಒಂದನ್ನೂ ತಿರುಚಿಲ್ಲ, ಇಟ್ಟ ಜಾಗ ಮಾತ್ರ ಬೇರೆ. ಬದುಕಿದ್ದಾಗ ಮೈ ಮುಚ್ಚಲು ಚಿಂದಿ ಸಿಗದವಳಿಗೆ ಸತ್ತ ಮೇಲೆ ಹೊಸ ಬಟ್ಟೆ ಯಾಕೆ, ಅದೂ ಹೆಣದ ಜೊತೆ ಸುಟ್ಟುಹೋಗುವುದು ತಾನೆ ಎಂದು ಅಪ್ಪ–ಮಗ ತರ್ಕ ಮಾಡುವಾಗ ಅವರ ಉದ್ದೇಶ ಹೊಲಸು, ತರ್ಕ ಮಾತ್ರ ಸ್ವಚ್ಛ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂದು ನಾವು ಆಡಿಕೊಳ್ಳುವುದು ಬಡವರನ್ನು. ಇಲ್ಲಿ ಮಲ್ಲಿಗೆ ಮುಡಿಸಲು ಹೊರಟಿರುವುದು ಊರು. ರಾತ್ರಿ ಒಬ್ಬ ಸೂಲಗಿತ್ತಿಯನ್ನು ಕಳಿಸದ ಊರು, ಹೆಣಕ್ಕಾದರೆ ಒಂದು ಗಂಟೆಯಲ್ಲಿ ಐದು ರೂಪಾಯಿ ಕೂಡಿಸುತ್ತದೆ; ಈ ಇಬ್ಬರ ಮುಖ ಕಂಡರೆ ಉರಿದುಬೀಳುವ ಜಮೀನ್ದಾರ ಕೂಡ ಎರಡು ರೂಪಾಯಿ ಎಸೆಯುತ್ತಾನೆ. ಇಂದು ಕಾಸು ಬಿಚ್ಚದವರೇ ನಾಳೆ ಕರೆದು ಕೊಡುತ್ತಾರೆ ಎಂದು ಘೀಸು ಹಿಂದಿನ ರಾತ್ರಿಯೇ ಹೇಳಿರುತ್ತಾನೆ. ಊರಿನ ಲೆಕ್ಕವನ್ನು ಅವನಷ್ಟು ಚೆನ್ನಾಗಿ ಓದಿದವರು ಊರಲ್ಲೇ ಇಲ್ಲ.

ಇಲ್ಲಿ ಸ್ವಲ್ಪ ದಾರಿ ಬಿಡಬೇಕು. ‘ಕಫನ್’ ಬರುವ ಎರಡು ವರ್ಷ ಮೊದಲು, 1933ರಲ್ಲಿ, ಕನ್ನಡದಲ್ಲಿ ಶಿವರಾಮ ಕಾರಂತರ ‘ಚೋಮನ ದುಡಿ’ ಬಂದಿತ್ತು. ಪ್ರೇಮಚಂದರಿಗೆ ಕಾರಂತರು, ಕಾರಂತರಿಗೆ ಪ್ರೇಮಚಂದರು ಋಣಿಗಳೆಂದು ಯಾರೂ ಹೇಳಬೇಕಾಗಿಲ್ಲ. ಆದರೆ ಒಬ್ಬ ನಟನ ಮೈಯಲ್ಲಿ ಈ ಎರಡೂ ಕತೆಗಳು ಕೂಡಿದವು. 1975ರಲ್ಲಿ ಬಿ. ವಿ. ಕಾರಂತರ ಚಿತ್ರದಲ್ಲಿ ಚೋಮನಾಗಿ ರಾಷ್ಟ್ರಪ್ರಶಸ್ತಿ ಪಡೆದ ಎಂ. ವಿ. ವಾಸುದೇವರಾಯರನ್ನೇ ಮೃಣಾಲ್ ಸೇನ್ 1977ರಲ್ಲಿ ತೆಲುಗಿನಲ್ಲಿ ‘ಕಫನ್’ ಆಧರಿಸಿ ತೆಗೆದ ‘ಒಕ ಊರಿ ಕಥ’ದಲ್ಲಿ ಅಪ್ಪನ ಪಾತ್ರಕ್ಕೆ ಹಾಕಿಕೊಂಡರು. ಎರಡು ವರ್ಷದ ಅಂತರದಲ್ಲಿ ಅದೇ ಒಣಗಿದ ಮುಖ, ಅದೇ ಉರಿಯುವ ಕಣ್ಣು. ಮೊದಲನೆಯದರಲ್ಲಿ ಬೇಸಾಯ ಮಾಡಬೇಕೆಂದು ಜೀವ ತೇಯುವವನು, ಎರಡನೆಯದರಲ್ಲಿ ಕೆಲಸವನ್ನೇ ಮಾಡೆನೆಂದು ಹಟ ಹಿಡಿದವನು. ಚೋಮನಿಗೆ ಒಂದು ಜೊತೆ ಎತ್ತಿದೆ; ಉಳಲು ಒಂದು ತುಂಡು ನೆಲ ಬೇಕು. ಹುಟ್ಟಿದ ಜಾತಿಗೆ ಅದು ಸಲ್ಲದು ಎಂದು ಒಡೆಯರ ಮನೆ ಹೇಳುತ್ತದೆ. ಸಾಲ ತೀರಿಸಲು ಮಕ್ಕಳು ತೋಟಕ್ಕೆ ಹೋಗುತ್ತಾರೆ. ಒಬ್ಬ ಮಗ ನೀರಲ್ಲಿ ಮುಳುಗುವಾಗ ದಡದಲ್ಲಿ ನಿಂತವರು ಮುಟ್ಟಲಾಗದೆ ನೋಡುತ್ತಾರೆ. ಕೊನೆಗೆ ಉಳಿಯುವುದು ದುಡಿಯ ಬಡಿತ, ಅದೂ ನಿಲ್ಲುತ್ತದೆ. ಇಲ್ಲಿ ಕಾರಂತರಿಗೆ ನಗಿಸಬೇಕಾದ ಅಗತ್ಯ ಬೀಳಲಿಲ್ಲ. ಯಾಕೆಂದರೆ ಚೋಮನಿಗೆ ಆಸೆ ಇದೆ. ಆಸೆ ಇರುವವನ ಸೋಲಿಗೆ ಅಳಬಹುದು. ದುರಂತ ಎಂಬುದು ಹಿಡಿದು ನಿಲ್ಲಲು ಒಂದು ಆಸೆಯ ಗೂಟವಾದರೂ ಬೇಕು.

ಘೀಸುವಿನ ಆಸೆ ಏನು? ಇಪ್ಪತ್ತು ವರ್ಷದ ಹಿಂದೆ ಠಾಕೂರನ ಮನೆಯ ಮದುವೆ ದಿಬ್ಬಣದಲ್ಲಿ ಉಂಡ ಊಟ. ಅಪ್ಪಟ ತುಪ್ಪದ ಪೂರಿ, ಚಟ್ನಿ, ರಾಯ್ತಾ, ಪಲ್ಯಗಳು, ಮೊಸರು, ಸಿಹಿ. ಸಾಕು ಎಂದು ಕೈ ಅಡ್ಡ ಹಿಡಿದರೂ ಬಡಿಸುತ್ತಿದ್ದರು ಎಂದು ಸೊಸೆ ನರಳುವ ಬಾಗಿಲಲ್ಲಿ ಕೂತು ನೆನೆಸಿಕೊಳ್ಳುತ್ತಾನೆ. ಇಪ್ಪತ್ತು ಪೂರಿ ತಿಂದಿರಬಹುದೇ ಎಂದು ಮಗ ಕೇಳುತ್ತಾನೆ. ಐವತ್ತಕ್ಕೆ ಕಡಿಮೆ ಇಲ್ಲ ಎನ್ನುವಲ್ಲಿಗೆ ಮಾತು ಮುಟ್ಟುತ್ತದೆ. ಚೋಮನ ಆಸೆ ಮುಂದಕ್ಕೆ ನೋಡುತ್ತದೆ, ಘೀಸುವಿನದು ಹಿಂದಕ್ಕೆ. ಚೋಮನ ಎದೆಯಿಂದ ಆ ಎತ್ತುಗಳನ್ನು ಬಿಚ್ಚಿ ಓಡಿಸಿ, ಇನ್ನೂ ಇಪ್ಪತ್ತು ವರ್ಷ ಬದುಕಿಸಿಟ್ಟರೆ ಉಳಿಯುವ ಮನುಷ್ಯ ಘೀಸು. ಅವನಿಗಾಗಿ ಅಳಲು ಹೋದರೆ ಕಣ್ಣೀರಿಗೆ ಹಿಡಿ ಸಿಗುವುದಿಲ್ಲ, ಅದಕ್ಕೇ ನಗು. ಇದನ್ನು ಪರೀಕ್ಷಿಸಲು ಮೃಣಾಲ್ ಸೇನರ ಚಿತ್ರವೇ ಇದೆ. ಅಲ್ಲಿಯ ಅಪ್ಪ ತನ್ನ ಸೋಮಾರಿತನಕ್ಕೆ ಕಾರಣ ಬಲ್ಲವನು: ದುಡಿದರೆ ಕೊಬ್ಬುವುದು ಒಡೆಯ, ಆದ್ದರಿಂದ ದುಡಿಯೆ ಎಂದು ಸಿದ್ಧಾಂತವನ್ನೇ ಹೇಳುತ್ತಾನೆ. ಕೋಪ ಬಾಯಿಗೆ ಬಂದ ಕೂಡಲೇ ನಗು ಹಿಂದೆ ಸರಿಯುತ್ತದೆ, ಕತೆಯ ಅರ್ಥವೂ ಬೇರೆಯಾಗುತ್ತದೆ. ಚಿತ್ರ ಒಳ್ಳೆಯದೇ; ಆದರೆ ಅದರಲ್ಲಿ ನಾವು ಒಬ್ಬ ಬಂಡಾಯಗಾರನನ್ನು ಮೆಚ್ಚಿ ಎದ್ದುಬರುತ್ತೇವೆ. ಪ್ರೇಮಚಂದರ ಕತೆಯಲ್ಲಿ ಮೆಚ್ಚಲು ಯಾರೂ ಸಿಗುವುದಿಲ್ಲ. ಶೈಲಿ ಬದಲಾಯಿತು, ಆಶಯ ಹಾಗೇ ಉಳಿಯಿತು ಎಂದು ಅಂಕ ಕೊಡುವವರು ಇದಕ್ಕೇನು ಹೇಳುತ್ತಾರೆ?

ಇದಕ್ಕೆ ಗಟ್ಟಿಯಾದ ಆಕ್ಷೇಪವೊಂದಿದೆ. ಓಂಪ್ರಕಾಶ್ ವಾಲ್ಮೀಕಿಯವರೂ ಸೇರಿದಂತೆ ಹಿಂದಿಯ ದಲಿತ ಲೇಖಕರು ಈ ಕತೆಯನ್ನು ಕಟುವಾಗಿಯೇ ಪ್ರಶ್ನಿಸಿದ್ದಾರೆ. ಕತೆಗಾರ ಅಪ್ಪ–ಮಗನ ಜಾತಿಯನ್ನು ಹೆಸರಿಟ್ಟು ಹೇಳುತ್ತಾನೆ, ಕೂಡಲೇ ಅವರನ್ನು ಕಳ್ಳರು, ಸೋಮಾರಿಗಳು, ಹೆಂಡತಿಯನ್ನು ಸಾಯಲು ಬಿಡುವ ಕಲ್ಲೆದೆಯವರು ಎನ್ನುತ್ತಾನೆ. ಹೊಲದಲ್ಲಿ ಬೆನ್ನು ಮುರಿಯುವಂತೆ ದುಡಿದ ಸಮುದಾಯಕ್ಕೆ ಇದು ನ್ಯಾಯವೇ? ವ್ಯಂಗ್ಯ ಗೊತ್ತಾಗದೆ ಹೀಗೆ ಓದುತ್ತಾರೆ ಎಂದು ತಳ್ಳಿಹಾಕುವುದು ಸುಲಭ, ಸೊಕ್ಕಿನದೂ ಹೌದು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ಗಾದೆ ಓದುಗರಿಗೂ ಅನ್ವಯಿಸುತ್ತದೆ. ಸೋಮಾರಿ ಎಂಬ ಬೈಗುಳವನ್ನು ಜಾತಿಯ ಕಾರಣಕ್ಕೆ ಹೊತ್ತವನಿಗೆ ಆ ಪದ ಹಾಸ್ಯವಾಗಿ ಕೇಳಿಸಬೇಕೆಂದು ಯಾರೂ ಕೇಳಲಾರರು. ಅಷ್ಟನ್ನು ಒಪ್ಪಿಕೊಂಡ ಮೇಲೂ ಒಂದು ಮಾತಿದೆ. ಕತೆಯ ನಡುವೆ ಕತೆಗಾರ ತಾನೇ ಮುಂದೆ ಬಂದು, ಹಗಲಿರುಳು ದುಡಿಯುವ ರೈತರ ಸ್ಥಿತಿ ಇವರಿಗಿಂತ ಬಹಳ ಮೇಲೇನಲ್ಲ, ರೈತರನ್ನು ಸುಲಿಯಬಲ್ಲವರದು ಮಾತ್ರ ಚೆನ್ನಾಗಿದೆ ಎಂದು ಲೆಕ್ಕ ಒಪ್ಪಿಸಿ, ಘೀಸು ಬುದ್ಧಿವಂತ ಎಂದು ತೀರ್ಪು ಕೊಡುತ್ತಾನೆ. ಆಶಯ ಹುಡುಕುವವರು ಅಡಿಗೆರೆ ಎಳೆಯುವುದು ಇಲ್ಲಿಗೇ. ಆದರೆ ಈ ಮಾತಿನ ಬಾಲದಲ್ಲಿ ಕೊಂಡಿಯಿದೆ: ಕೂತು ತಿನ್ನುವವರ ಕೂಟದ ಉಳಿದವರು ಊರಿನ ಮುಖಂಡರಾಗಿದ್ದಾರೆ, ಘೀಸುವಿಗೆ ಮಾತ್ರ ಆ ಕಲೆಯ ನಿಯಮಗಳು ಕೈಗೂಡಲಿಲ್ಲ. ಅಂದರೆ ಊರಲ್ಲಿ ಸೋಮಾರಿಗಳು ಬೇಕಾದಷ್ಟಿದ್ದಾರೆ. ಬೆರಳು ತೋರಿಸಿಕೊಳ್ಳುವವನು ಬಡ ಸೋಮಾರಿ ಒಬ್ಬನೇ. ಬೈಗುಳ ಜಾತಿಯ ಬಾಗಿಲು ದಾಟಿ ಚಾವಡಿಯ ಮೇಲೆ ಹೋಗಿ ಕೂರುತ್ತದೆ.

ಇನ್ನೊಂದು ಆಕ್ಷೇಪಕ್ಕೆ ನನ್ನಲ್ಲಿ ಇಷ್ಟು ಸಿದ್ಧವಾದ ಉತ್ತರವಿಲ್ಲ. ಬುಧಿಯಾಳಿಗೆ ಕತೆಯಲ್ಲಿ ಒಂದು ಮಾತೂ ಇಲ್ಲ. ಕತ್ತಲೊಳಗಿನ ನರಳಾಟ, ಬೆಳಗ್ಗೆ ಮುಖದ ಮೇಲೆ ನೊಣ, ಮುಗಿಯಿತು. ಇಷ್ಟನ್ನು ಮಾತ್ರ ಹೇಳಬಹುದು: ಮದುವೆಯಾಗಿ ಬಂದ ಒಂದು ವರ್ಷದಲ್ಲಿ ಅವಳು ಕಾಳು ಬೀಸಿ, ಹುಲ್ಲು ಕೊಯ್ದು, ಸೇರು ಹಿಟ್ಟು ಸಂಪಾದಿಸಿ ಈ ಇಬ್ಬರ ಹೊಟ್ಟೆ ತುಂಬಿಸುತ್ತಿದ್ದಳು ಎಂದು ಹೇಳುವಾಗ ಕತೆಗಾರನ ದನಿಯಲ್ಲಿನ ಕುಚೋದ್ಯ ಅವಳನ್ನು ಮುಟ್ಟದೆ ಆ ಇಬ್ಬರ ಮೇಲೆಯೇ ಹಾರುತ್ತದೆ. ಕತೆಯಲ್ಲಿ ದುಡಿದು ತಿಂದವಳು ಅವಳೊಬ್ಬಳೇ. ಸಾಧು, ಸುಪುತ್ರ, ದಾನಿ ಎಂಬ ಯಾವ ವೇಷವನ್ನೂ ಅವಳಿಗೆ ತೊಡಿಸಲು ಬರುವುದಿಲ್ಲ. ವೇಷ ಇಲ್ಲದವಳಿಗೆ ಈ ಶೈಲಿಯಲ್ಲಿ ಮಾತೂ ಇಲ್ಲ. ಇದನ್ನು ಕಲೆ ಎಂದು ಹೊಗಳಬಹುದು, ಕೊರತೆ ಎಂದೂ ಹೇಳಬಹುದು. ಎರಡನ್ನೂ ಒಟ್ಟಿಗೆ ಹೇಳುವುದೇ ಪ್ರಾಮಾಣಿಕ ಎಂದು ನನಗೆ ಅನ್ನಿಸುತ್ತದೆ.

ಕೊನೆಯಲ್ಲಿ ಅಪ್ಪ–ಮಗ ಮಾಯೆಯನ್ನು ಠಕ್ಕಿ ಎಂದು ಕರೆಯುವ ನಿರ್ಗುಣ ಪದವನ್ನು ಹಾಡುತ್ತ, ಕುಣಿಯುತ್ತ, ನೆಗೆಯುತ್ತ ಅಲ್ಲೇ ಬೀಳುತ್ತಾರೆ. ಅವಳು ವೈಕುಂಠಕ್ಕೆ ಹೋದಳೆಂದೂ ನಮ್ಮ ಹೊಟ್ಟೆ ತಣಿಸಿದ ಪುಣ್ಯ ಅವಳಿಗೆ ಬಂತೆಂದೂ ಅದಾಗಲೇ ತೀರ್ಮಾನವಾಗಿದೆ. ಕಫನ್ ಯಾರು ತರುತ್ತಾರೆ ಎಂಬುದಕ್ಕೂ ಘೀಸುವಿನ ಹತ್ತಿರ ಉತ್ತರವಿದೆ: ಕೊಟ್ಟವರೇ ಮತ್ತೆ ಕೊಡುತ್ತಾರೆ, ದುಡ್ಡು ಮಾತ್ರ ನಮ್ಮ ಕೈಗೆ ಬರುವುದಿಲ್ಲ. ಕನ್ನಡದ ‘ಮತ್ತು’ವಿಗೆ ಎರಡು ಅರ್ಥವಿರುವುದು ಪ್ರಶ್ನೆಪತ್ರಿಕೆ ತೆಗೆಯುವವರಿಗೆ ಮರೆತಂತಿದೆ. ಆಶಯಕ್ಕೂ ಶೈಲಿಗೂ ನಡುವೆ ಈ ಕತೆಯಲ್ಲಿ ಇರುವುದು ಆ ಎರಡನೆಯದು. ಅದು ಏರಿದಾಗ ಯಾವುದು ಯಾವುದೆಂದು ಗುರುತು ಹತ್ತುವುದಿಲ್ಲ. ನಗುತ್ತ ಓದುವ ನಮಗೂ ಸ್ವಲ್ಪ ಏರಿರುತ್ತದೆ. ಹೆಂಡದಂಗಡಿಯ ಊಟ, ಹಾಡು, ಕುಣಿತದ ನಡುವೆ ಒಂದು ಸಣ್ಣ ಸಂಗತಿಯನ್ನು ನಾವೂ ಮರೆತುಬಿಟ್ಟಿದ್ದೇವೆ. ಇವರು ಪೇಟೆಗೆ ಹೊರಟಾಗಲೇ ಊರವರು ಚಟ್ಟಕ್ಕೆ ಬಿದಿರು ಕಡಿಯಲು ಶುರುಮಾಡಿದ್ದರು.