ನಾನಾ ಪೇಠೆಗೆ ಬಂದ ಹಾಯಿದೋಣಿ

ಪುಣೆಯ ನಾನಾ ಪೇಠೆಯಲ್ಲಿ ಸಿಗದ ಗಾಡಿ ಸಾಮಾನಿಲ್ಲ ಅನ್ನುತ್ತಾರೆ. ಹಳೇ ಲ್ಯಾಂಬ್ರೆಟಾದ ಕೇಬಲ್ಲಿನಿಂದ ಹಿಡಿದು ಮೊನ್ನೆ ಮಾರುಕಟ್ಟೆಗೆ ಬಂದ ಕಾರಿನ ಹೆಡ್‌ಲೈಟಿನವರೆಗೆ ಎಲ್ಲವೂ ಆ ಗಲ್ಲಿಗಳಲ್ಲಿ ತೂಗಾಡುತ್ತಿರುತ್ತವೆ. ಹಾಯಿದೋಣಿಯೊಂದರ ರಿಪೇರಿಗೆ ಅಲ್ಲಿಗೆ ಹೋಗುವ ಪ್ರಸಂಗ ಬರುತ್ತದೆಂದು ಮಾತ್ರ ನಾನು ಎಣಿಸಿರಲಿಲ್ಲ. 2019ರ ಡಿಸೆಂಬರಿನ ಮಾತು. ಚಳಿಗಾಲದಲ್ಲಿ ಬೆಂಕಿ ಹಾಕಿಕೊಂಡು ಕೂತಾಗಲೆಲ್ಲ ಮನೆಯ ಹುಡುಗರು ಇದನ್ನೇ ಹೇಳು ಅಂತ ಗಂಟುಬೀಳುತ್ತಾರೆ. ಅವರಿಗೆ ಬೇಕಾದದ್ದು ಸಮುದ್ರದ ಭಾಗ. ನನಗೆ ಹೇಳಲು ಖುಷಿ ಅಂಗಡಿಯ ಭಾಗ.

ದೋಣಿ ಕರ್ನಲ್ ಸಾಹೇಬರದು. ಕೊಡಗಿನವರು. ಸೇನೆಯ ಎಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ದು, ದಾಪೋಡಿಯ ಮಿಲಿಟರಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳಿ, ನಿವೃತ್ತಿಯಾದ ಮೇಲೆ ವಾನವಡಿಯಲ್ಲಿ ಮನೆ ಮಾಡಿದವರು. ನನಗೆ ಅವರ ಪರಿಚಯವಾದದ್ದು ಕನ್ನಡ ಸಂಘದ ಕಾರ್ಯಕ್ರಮವೊಂದರ ಊಟದ ಸಾಲಿನಲ್ಲಿ. ಎನ್‌ಡಿಎ ಕೆಡೆಟ್ ಆಗಿದ್ದಾಗ ಖಡಕ್‌ವಾಸ್ಲಾದ ಪೀಕಾಕ್ ಬೇಯಲ್ಲಿ ಹಾಯಿ ಬಿಡಲು ಕಲಿತರಂತೆ. ಆಮೇಲೆ ಆ ಗೀಳು ಬಿಡಲಿಲ್ಲ. ಮಾತಿಗೊಮ್ಮೆ 'ತೃಷ್ಣಾ' ಅನ್ನುವರು. 1985ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನಿಂದ ಹೊರಟು, ಭೂಮಿ ಸುತ್ತಿ, 1987ರ ಜನವರಿಯಲ್ಲಿ ಮುಂಬೈ ಸೇರಿದ ಸೇನೆಯ ಹಾಯಿದೋಣಿ ಅದು, ನಡೆಸಿದವರು ಸ್ಯಾಪರ್‌ಗಳೇ. "ಬರೀ 37 ಅಡಿ ಕಣ್ರೀ, ನನ್ನದಕ್ಕಿಂತ ಒಂದೇ ಅಡಿ ಜಾಸ್ತಿ" ಎನ್ನುವಾಗ ಅವರ ದನಿಯಲ್ಲಿ ಸಣ್ಣ ಹೊಟ್ಟೆಕಿಚ್ಚೂ ಇರುತ್ತಿತ್ತು.

ಅವರ ದೋಣಿ ನಿಂತಿದ್ದು ಗೋವಾದ ಮಾಂಡೋವಿಯಲ್ಲಿ. ಅದು ನಮ್ಮ ಖಾನಾಪುರ ತಾಲ್ಲೂಕಿನ ಕಾಡಿನಲ್ಲಿ ಹುಟ್ಟುವ ಮಹದಾಯಿಯೇ. ಕೆಳಗಿಳಿದ ಮೇಲೆ ಹೆಸರು ಬದಲಾಗುತ್ತದೆ, ಅಷ್ಟೆ. ನೌಕಾಪಡೆಯ ಹಾಯಿದೋಣಿ 'ಮ್ಹಾದೇಯಿ' ಕಟ್ಟಿದ್ದು ಇದೇ ನದಿಯ ದಿವಾಡಿ ದ್ವೀಪದಲ್ಲಿ. ಅದರಲ್ಲೇ ನೌಕಾಪಡೆಯ ಅಧಿಕಾರಿ ಅಭಿಲಾಷ್ ಟೋಮಿ ಒಬ್ಬರೇ, ಎಲ್ಲೂ ನಿಲ್ಲದೆ ಭೂಮಿ ಸುತ್ತಿ 2013ರಲ್ಲಿ ಮುಂಬೈಗೆ ಮರಳಿದ್ದು. ಖಾನಾಪುರದವನಾದ ನನಗೆ ಈ ಕತೆಯಲ್ಲಿ ಇಷ್ಟಾದರೂ ಹಕ್ಕಿದೆ ಎಂದುಕೊಂಡಿದ್ದೇನೆ.

ಹಾಯಿದೋಣಿಗೆ ಗಾಳಿ ಪುಕ್ಕಟೆ, ಕರೆಂಟು ಪುಕ್ಕಟೆಯಲ್ಲ. ಫ್ರಿಜ್ಜು, ನಕ್ಷೆಯ ಪರದೆ, ರೇಡಿಯೋ, ರಾತ್ರಿ ಕಂಬದ ತುದಿಯಲ್ಲಿ ಉರಿಯುವ ದೀಪ, ಎಲ್ಲಕ್ಕಿಂತ ಹೆಚ್ಚಾಗಿ ಚುಕ್ಕಾಣಿ ಹಿಡಿಯುವ ಆಟೋಪೈಲಟ್, ಇವೆಲ್ಲ ಸೇರಿ ಕರ್ನಲ್ಲರ ದೋಣಿ ದಿನಕ್ಕೆ 130 ಆಂಪಿಯರ್ ಅವರ್ ನುಂಗುತ್ತಿತ್ತು. ಅದನ್ನು ವಾಪಸು ತುಂಬಬೇಕಾದದ್ದು ಬಂದರು ಬಿಡುವಾಗ, ಸೇರುವಾಗ ಓಡಿಸುವ ಪುಟ್ಟ ಡೀಸೆಲ್ ಎಂಜಿನ್ನು. ಸೋಲಾರ್ ಹಲಗೆ ಇತ್ತು, ಆದರೆ ಹಾಯಿಯ ನೆರಳು ಅದರ ಮೇಲೆಯೇ ಬೀಳುತ್ತಿತ್ತು. ಎಂಜಿನ್ನಿನ ಜೊತೆ ಬಂದದ್ದು 60 ಆಂಪಿಯರಿನ ಆಲ್ಟರ್ನೇಟರು. ಹಳೇ ಆಸಿಡ್ ಬ್ಯಾಟರಿಗಳಿರುವವರೆಗೆ ಅದು ಹೇಗೋ ನಡೆಯಿತು, ಏಕೆಂದರೆ ಆಸಿಡ್ ಬ್ಯಾಟರಿ ಮುಕ್ಕಾಲು ತುಂಬುತ್ತಿದ್ದ ಹಾಗೆ ತಾನೇ ಬೇಡ ಬೇಡ ಅನ್ನತೊಡಗುತ್ತದೆ. ಉಳಿದ ಕಾಲು ಭಾಗ ತುಂಬಲು ತಾಸುಗಟ್ಟಲೆ ಹಿಡಿಯುತ್ತದೆ, ಆಲ್ಟರ್ನೇಟರಿಗೆ ಅಷ್ಟರಲ್ಲಿ ವಿಶ್ರಾಂತಿ. ಕರ್ನಲ್ಲರು ಅವುಗಳನ್ನು ತೆಗೆಸಿ 300 ಆಂಪಿಯರ್ ಅವರಿನ ಲಿಥಿಯಂ ಹಾಕಿಸಿದರು. ಹಾಕಿದವನು ಬ್ಯಾಟರಿ ಬದಲಿಸಿದ, ಉಳಿದದ್ದನ್ನು ಮುಟ್ಟಲಿಲ್ಲ. ವೆಂಗುರ್ಲಾ ಬಂಡೆಗಳ ಹತ್ತಿರ ಗಾಳಿ ಬಿದ್ದು, ಎಂಜಿನ್ನನ್ನು ನಿಧಾನಕ್ಕೆ ಓಡಿಸುತ್ತ ಕೂತಾಗ ಸುಟ್ಟ ವಾಸನೆ ಬಂತು. ಅಲ್ಲಿಂದ ಗೋವಾದವರೆಗೆ ರಾತ್ರಿಯಿಡೀ ಚುಕ್ಕಾಣಿ ಕೈಯಲ್ಲೇ.

"ನಿಮಗೆ ಆಟೋ ಎಲೆಕ್ಟ್ರಿಷಿಯನ್ ಯಾರಾದರೂ ಗೊತ್ತಾ?" ಎಂದು ಅವರು ಕೇಳಿದಾಗ ನಾನು ಕರೆದೊಯ್ದದ್ದು ಕಾಕಾನ ಅಂಗಡಿಗೆ. ಗೋಕಾಕ ಕಡೆಯವರು, ಹುಡುಗನಾಗಿದ್ದಾಗ ಪುಣೆಗೆ ಬಂದವರು. ಗಲ್ಲಿಯ ಮರಾಠಿಗರಿಗೂ, ಎದುರಿನ ಬೊಹ್ರಾ ಅಂಗಡಿಯವರಿಗೂ ಅವರು ಕಾಕಾನೇ. ಕರ್ನಲ್ಲರು ಗೋಣಿಚೀಲದಿಂದ ಆಲ್ಟರ್ನೇಟರನ್ನು ತೆಗೆದು ಬೆಂಚಿನ ಮೇಲಿಟ್ಟರು. ಕಾಕಾ ಅದನ್ನು ನೋಡಲಿಲ್ಲ, ಮೊದಲು ಮೂಸಿದರು.

"ಇದು ನಿಂತಲ್ಲೇ ಸುಟ್ಟೈತ್ರಿ ಸಾಹೇಬ್ರ. ಓಡಿ ಸುಟ್ಟದ್ದಲ್ಲ."

ಪುಲ್ಲಿಯ ನಟ್ಟು ಸಡಿಲಿಸಿ, ಉದ್ದನೆಯ ಬೋಲ್ಟುಗಳನ್ನು ಕಳಚಿ, ಎರಡು ಹೋಳುಗಳ ನಡುವೆ ಸ್ಕ್ರೂ ಡ್ರೈವರಿಟ್ಟು ಮೆಲ್ಲಗೆ ತಟ್ಟಿದರು. ಒಳಗಿನ ಸ್ಟೇಟರ್ ವೈಂಡಿಂಗು ಹೊಸದರಲ್ಲಿ ಕೆಂಪು ತಾಮ್ರದ ಬಣ್ಣ ಇರುವಂಥದ್ದು. ಇದರದ್ದು ಪೂರ್ತಿ ಕಪ್ಪು. ವಾರ್ನಿಷ್ ಉಗುರಿಗೆ ಪುಡಿಪುಡಿಯಾಗಿ ಬಂತು. ಕಾರ್ಬನ್ನುಗಳು ಇನ್ನೂ ಅರ್ಧ ಉಳಿದಿದ್ದವು, ಬೇರಿಂಗು ಸದ್ದಿಲ್ಲದೆ ತಿರುಗಿತು. ಡಯೋಡ್ ಪ್ಲೇಟಿಗೆ ಟೆಸ್ಟ್ ಲ್ಯಾಂಪ್ ಮುಟ್ಟಿಸಿದರೆ ಎರಡು ಡಯೋಡುಗಳಲ್ಲಿ ದೀಪ ಎರಡೂ ಕಡೆಯಿಂದ ಹತ್ತುತ್ತಿತ್ತು. ಹಾಗೆಂದರೆ ಸತ್ತಿವೆ ಎಂದರ್ಥ.

ಕಾರಣವನ್ನು ಕಾಕಾ ಎಂಜಿನ್ನು ನೋಡದೆ ಹೇಳಿದರು. ನಿಧಾನಕ್ಕೆ ತಿರುಗುವಾಗ ಆಲ್ಟರ್ನೇಟರಿನ ಸ್ವಂತ ಫ್ಯಾನೂ ನಿಧಾನ. ಲಿಥಿಯಂ ಮಾತ್ರ ಎಷ್ಟು ಕೊಟ್ಟರೂ ಇನ್ನಷ್ಟು ಎಳೆಯುತ್ತದೆ. ಒಳಗಿನ ಕಟೌಟು, ಅಂದರೆ ರೆಗ್ಯುಲೇಟರು, ವೋಲ್ಟೇಜು ಏರಲಿಲ್ಲವೆಂದು ರೋಟರಿಗೆ ಪೂರ್ತಿ ಕರೆಂಟು ಬಿಡುತ್ತಲೇ ಇರುತ್ತದೆ. ಕಾರಿನಲ್ಲಿ ಹೀಗಾಗುವುದಿಲ್ಲ. ಕಾರಿನ ಬ್ಯಾಟರಿ ಸ್ಟಾರ್ಟ್ ಮಾಡಿದ ಹತ್ತು ನಿಮಿಷಕ್ಕೆ ತುಂಬಿಹೋಗಿರುತ್ತದೆ, ಆಮೇಲೆ ಆಲ್ಟರ್ನೇಟರು ಬಹುಪಾಲು ಸುಮ್ಮನೆ ತಿರುಗುತ್ತಿರುತ್ತದೆ.

"ಸರಿ, ದೊಡ್ಡದು ಹಾಕೋಣ. 120 ಆಂಪಿಯರಿಂದು" ಎಂದರು ಕರ್ನಲ್ಲರು.

"ಹಾಕೂಣು. ಆದ್ರ ಎಂಬತ್ತಕ್ಕ ಕಟ್ಟೂಣು."

"120ರ ದುಡ್ಡು ಕೊಟ್ಟು 80 ತಗೊಳ್ಳೋದಾ ಕಾಕಾ?"

"ಎರಡು ಕ್ವಿಂಟಲ್ ಎಳೆಯೋ ಎತ್ತಿಗೆ ಒಂದೂಕಾಲು ಹೇರಿದ್ರ ಎತ್ತು ಹತ್ತು ವರ್ಷ ಇರ್ತೈತ್ರಿ."

ಕರ್ನಲ್ಲರಿಗೆ ಎತ್ತಿನ ಲೆಕ್ಕ ಒಪ್ಪಿಗೆಯಾಗಲಿಲ್ಲ, ಅವರಿಗೆ ಎಂಜಿನಿಯರಿಂಗ್ ಲೆಕ್ಕ ಬೇಕಿತ್ತು. ಅದನ್ನೂ ಕಾಕಾ ತೋರಿಸಿದರು. ದೊಡ್ಡ ಜೀಪಿನಂಥ ಗಾಡಿಗಳಿಗೆ ಬರುವ 120 ಆಂಪಿಯರಿನ ಆಲ್ಟರ್ನೇಟರೊಂದನ್ನು ಎರಡು ಅಂಗಡಿ ಆಚೆಯಿಂದ ತರಿಸಿ ಬೆಂಚಿಗೆ ಕಟ್ಟಿದರು. ಬೆಂಚಿನ ಕೆಳಗೆ ಮೂರು ಎಚ್‌ಪಿ ಮೋಟಾರು, ಗೋಡೆಯ ಮೇಲೆ 55 ವ್ಯಾಟಿನ ಕಾರಿನ ಬಲ್ಬುಗಳನ್ನು ಸಾಲಾಗಿ ಹೊಡೆದ ಹಲಗೆ. ಒಂದೊಂದು ಬಲ್ಬು ಹೆಚ್ಚುಕಡಿಮೆ ಐದು ಆಂಪಿಯರ್ ತಿನ್ನುತ್ತದೆ. ಕಾಕಾ ಒಂದೊಂದೇ ಸ್ವಿಚ್ಚು ಹಾಕುತ್ತ ಹೋದರು. ಹತ್ತು ಬಲ್ಬಿಗೆ ಮೋಟಾರಿನ ದನಿ ದಪ್ಪಗಾಯಿತು. ಹದಿನೈದಕ್ಕೆ ಬೆಲ್ಟು ಕಿರುಗುಟ್ಟಿತು. ಹದಿನೇಳನೆಯದಕ್ಕೆ ಮೋಟಾರು ನರಳಿ, ಅಷ್ಟೂ ಬಲ್ಬು ಒಟ್ಟಿಗೇ ಮಂಕಾದವು. ಕರ್ನಲ್ಲರು ಪೆನ್ನು ತೆಗೆದು ಅಂಗಡಿಯ ಕ್ಯಾಲೆಂಡರಿನ ಹಿಂಬದಿ ಬರೆದುಕೊಂಡರು: 80 ಆಂಪಿಯರ್, 14 ವೋಲ್ಟು, ಅಂದರೆ 1120 ವ್ಯಾಟು, ಆಲ್ಟರ್ನೇಟರು ತಾನು ತಿಂದದ್ದರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಮಾತ್ರ ಕರೆಂಟಾಗಿ ಕೊಡುತ್ತದೆ, ಉಳಿದದ್ದು ಶಾಖ. ಎಂಜಿನ್ನಿನಿಂದ ಹೋಗುವುದು ಮೂರು ಎಚ್‌ಪಿಗೆ ಸಮೀಪ. ಒಂದೇ ಬೆಲ್ಟಿನ ಮೇಲೆ ಅದಕ್ಕಿಂತ ಹೆಚ್ಚು ಹೇರುವುದು ಬೇಡವೆಂದು ಆಗ ಅವರೇ ಹೇಳಿದರು.

ಅಲ್ಲಿಂದ ಮುಂದಿನದು ಓಡಾಟ. ಹಳೇ ಬೆಲ್ಟು ಹತ್ತು ಮಿಲಿಮೀಟರ್ ಅಗಲದ್ದು, ಅರ್ಧ ಇಂಚಿನದಕ್ಕೆ ಹೋಗಬೇಕೆಂದರೆ ಎಂಜಿನ್ನಿನ ಪುಲ್ಲಿಯೂ ಹೊಸದಾಗಬೇಕು. ಭೋಸರಿಯಲ್ಲಿ ಲೇತ್ ಇಟ್ಟುಕೊಂಡಿದ್ದ ಟರ್ನರೊಬ್ಬರು ಮಾಡಿಕೊಟ್ಟರು. ಖಡ್ಕಿಯ ಕಿರ್ಲೋಸ್ಕರ್ ಎಂಜಿನ್ ಕಾರ್ಖಾನೆಯಿಂದ ನಿವೃತ್ತರಾದವರು ಅವರು. 1946ರಲ್ಲಿ ಶುರುವಾದ ಆ ಕಾರ್ಖಾನೆಯ ಹಿಂದಿನ ಮನೆತನದ ಮೂಲಪುರುಷ ಲಕ್ಷ್ಮಣರಾಯರು ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಎಂದು ನಾನು ಹೇಳಿದೆ. ಟರ್ನರು ತಲೆಯೆತ್ತದೆ "ಮಾಹೀತ್ ಆಹೆ" ಎಂದರು. ಪುಣೆಯವರಿಗೆ ಗೊತ್ತಿಲ್ಲದ್ದನ್ನು ಹೇಳುವುದು ಕಷ್ಟ.

ಕೇಬಲ್ಲಿನ ವಿಷಯದಲ್ಲಿ ಮಾತ್ರ ಕರ್ನಲ್ಲರು ಕಾಕಾನಿಗೆ ಪಾಠ ಹೇಳಿದರು. ಕಾಕಾ ವೆಲ್ಡಿಂಗ್ ಕೇಬಲ್ಲು ಸಾಕೆಂದಿದ್ದರು. ಕರ್ನಲ್ಲರು ದೋಣಿಯಿಂದ ಬಿಚ್ಚಿ ತಂದ ಹಳೇ ತುಂಡಿನ ರಬ್ಬರು ಸೀಳಿದರು. ಲಗ್ಗಿನಿಂದ ಗೇಣುದ್ದ ಒಳಗೂ ತಾಮ್ರ ಹಸಿರುಗಟ್ಟಿತ್ತು. ಉಪ್ಪುನೀರಿನ ತೇವ ಎಳೆಗಳ ನಡುವೆ ಹಾಗೆ ಏರುತ್ತದಂತೆ. ಕಾಕಾ ಆ ತುಂಡನ್ನು ಬಹಳ ಹೊತ್ತು ತಿರುಗಿಸಿ ನೋಡಿ, "ಇದು ಬ್ಯಾರೇನ ರೋಗ" ಎಂದು ಒಪ್ಪಿಕೊಂಡರು. ಕಲಾಯಿ ಮಾಡಿದ ತಾಮ್ರದ, 50 ಚದರ ಮಿಲಿಮೀಟರಿನ ಕೇಬಲ್ಲು ಮುಂಬೈಯ ಲೋಹಾರ್ ಚಾಳದಿಂದ ಬಂತು. ಹಳೆಯದು 16ರದ್ದು. ಅದರಲ್ಲಿ 80 ಆಂಪಿಯರ್ ಹರಿದರೆ ಹೋಗಿಬರುವ ದಾರಿಯಲ್ಲೇ ಮುಕ್ಕಾಲು ವೋಲ್ಟು ಕಳೆದುಹೋಗುತ್ತಿತ್ತು. ಹೊಸದರಲ್ಲಿ ಕಾಲು ವೋಲ್ಟು.

ಒಳಗಿನ ಕಟೌಟನ್ನು ಕಾಕಾ ಕಿತ್ತು, ಕಾರ್ಬನ್ನಿನ ಮೂಲಕ ರೋಟರಿಗೆ ಕರೆಂಟು ಕೊಡುವ ಫೀಲ್ಡ್ ತಂತಿಯನ್ನು ಹೊರಗೆ ತೆಗೆದರು. ಅದಕ್ಕೆ ವಿದೇಶದಿಂದ ತರಿಸಿದ ಬೇರೆ ರೆಗ್ಯುಲೇಟರು. ಅದರ ಒಂದು ತಂತಿ ಬ್ಯಾಟರಿಯ ತುದಿಯಲ್ಲೇ ವೋಲ್ಟೇಜು ಓದುತ್ತದೆ. ಇನ್ನೊಂದು ಆಲ್ಟರ್ನೇಟರಿನ ಮೈಗೆ ಕಟ್ಟಿದ ಬಿಸಿ ಅಳೆಯುವ ತಂತಿ. ನೂರು ಡಿಗ್ರಿಯ ಹತ್ತಿರ ಬಂದರೆ ಫೀಲ್ಡ್ ಕಡಿಮೆಯಾಗುತ್ತದೆ. ಮೂರನೆಯದು ಬ್ಯಾಟರಿಯೊಳಗಿನ ಕಾವಲು ಸರ್ಕ್ಯೂಟಿನಿಂದ ಬರುವುದು. ಲಿಥಿಯಂ ತುಂಬಿ ಆ ಸರ್ಕ್ಯೂಟು ಥಟ್ಟನೆ ಬಾಗಿಲು ಹಾಕಿಕೊಂಡರೆ, ಓಡುತ್ತಿರುವ ಆಲ್ಟರ್ನೇಟರಿಗೆ ಕರೆಂಟು ಬಿಡಲು ಜಾಗವಿಲ್ಲದೆ ವೋಲ್ಟೇಜು ಕ್ಷಣಾರ್ಧದಲ್ಲಿ ಚಿಮ್ಮಿ ಡಯೋಡುಗಳನ್ನು ಹೊಡೆದುಹಾಕುತ್ತದೆ. ಆ ಎರಡು ಡಯೋಡ್ ಸತ್ತದ್ದು ಹೀಗೇ ಎಂದು ಕಾಕಾನ ತೀರ್ಮಾನ. ಈಗ ಬಾಗಿಲು ಹಾಕುವ ಮೊದಲೇ ಆ ತಂತಿ ಫೀಲ್ಡನ್ನು ಆರಿಸುತ್ತದೆ. ಇಷ್ಟೆಲ್ಲ ಖರ್ಚಿನಲ್ಲಿ ನನಗೆ ಅತ್ಯಂತ ಬುದ್ಧಿವಂತಿಕೆಯದಾಗಿ ಕಂಡದ್ದು ನೂಲಿನಷ್ಟು ದಪ್ಪದ ಆ ಮೂರನೇ ತಂತಿ.

ಜೋಡಿಸಲು ಮೂವರೂ ಗೋವಾಕ್ಕೆ ಹೋದೆವು. ಎಂಜಿನ್ನಿದ್ದದ್ದು ಮೆಟ್ಟಿಲ ಕೆಳಗಿನ ಪೆಟ್ಟಿಗೆಯಂಥ ಜಾಗದಲ್ಲಿ. ಕಾಕಾ ಅಡ್ಡ ಮಲಗಿ, ಎರಡು ಪುಲ್ಲಿಗಳ ಮುಖಕ್ಕೆ ಸ್ಟೀಲ್ ಪಟ್ಟಿ ಹಿಡಿದು, ಟಾರ್ಚು ಹಿಂದಿಟ್ಟು, ಬೆಳಕು ಎಲ್ಲಿ ನುಸುಳುತ್ತದೆ ಎಂದು ನೋಡುತ್ತ, ಕಾಗದದಷ್ಟು ತೆಳುವಾದ ವಾಷರನ್ನು ಹಾಕಿ ತೆಗೆದು ಅರ್ಧ ದಿನ ಕಳೆದರು. ಮಾರನೆಯ ಬೆಳಿಗ್ಗೆ ಹೊರಟೆವು. ಎಡಕ್ಕೆ ಪಣಜಿ, ಮುಂದೆ ಬಲಕ್ಕೆ ಅಗ್ವಾಡ ಕೋಟೆ, ಡಾಲ್ಫಿನ್ ತೋರಿಸುವ ದೋಣಿಗಳ ಕೂಗಾಟ. ಕಾಕಾ ಮೊದಲ ಸಲ ಸಮುದ್ರದ ಮೇಲಿದ್ದರು, ಆದರೆ ತಲೆ ಎಂಜಿನ್ ಪೆಟ್ಟಿಗೆಯೊಳಗೇ. "ಕಾಕಾ, ಲೈಟ್‌ಹೌಸ್ ನೋಡ್ರಿ" ಎಂದರೆ ಒಳಗಿನಿಂದ ಬಂದ ಉತ್ತರ: "ಎಷ್ಟ್ ಐತಿ ಈಗ?"

ತಣ್ಣಗಿದ್ದಾಗ 80 ಆಂಪಿಯರು. ಕಾಲು ತಾಸಿಗೆ ಮೈ ಬಿಸಿ 85 ಡಿಗ್ರಿ. ಅರ್ಧ ತಾಸಿಗೆ 97, ಅಷ್ಟರಲ್ಲಿ ರೆಗ್ಯುಲೇಟರು ತಾನೇ ಹಿಂದೆ ಸರಿದು ಆಂಪಿಯರು 68ಕ್ಕೆ ಇಳಿಯಿತು. ಅಲ್ಲಿಂದ ಕದಲಲಿಲ್ಲ. ಎಂಜಿನ್ನನ್ನು ಬೇಕೆಂದೇ ನಿಧಾನ ಮಾಡಿದೆವು, ವೆಂಗುರ್ಲಾದಲ್ಲಿ ಓಡಿಸಿದಷ್ಟೇ. ಆಂಪಿಯರು 40ರ ಕೆಳಗೆ ಹೋಯಿತು, ಬಿಸಿ ಮೇಲೆ ಹೋಗಲಿಲ್ಲ. ಎರಡು ತಾಸು ಓಡಿಸಿದರೆ ಒಂದು ದಿನದ ಖರ್ಚು ತುಂಬುತ್ತದೆ ಎಂದು ಕರ್ನಲ್ಲರು ಲೆಕ್ಕ ಹಾಕಿ, ಎಂಜಿನ್ ಆರಿಸಿ, ಹಾಯಿ ಏರಿಸಿದರು. ಸದ್ದು ನಿಂತದ್ದೇ ಕಾಕಾ ಗಾಬರಿಯಿಂದ ತಲೆ ಹೊರಗೆ ಹಾಕಿದರು. ಬಂದ್ ಬಿತ್ತೇನು ಎಂದು ಕೇಳಿದರು.

ಬಿಲ್ಲಿನ ಪುಸ್ತಕದಲ್ಲಿ ಗಾಡಿ ನಂಬರಿಗೆ ಒಂದು ಜಾಗವಿದೆ. ಅದನ್ನು ಖಾಲಿ ಬಿಡಲು ಕಾಕಾ ಒಪ್ಪಲಿಲ್ಲ, ನಂಬರಿಲ್ಲದ ಗಾಡಿಗೆ ಗ್ಯಾರಂಟಿ ಹೇಗೆ ಕೊಡುವುದು ಎಂದು ವಾದ. ಕೊನೆಗೆ ಕರ್ನಲ್ಲರು ಹಾಯಿಯ ಮೇಲಿನ ನಂಬರು ಹೇಳಿದರು, ಕಾಕಾ ಅದನ್ನೇ ಬರೆದು ಸಿಕ್ಕಾ ಒತ್ತಿದರು. ಫೆಬ್ರವರಿಯಲ್ಲಿ ಕಾರವಾರದಿಂದ ಕರ್ನಲ್ಲರ ಫೋನು ಬಂದಾಗ ನಾನು ಅಂಗಡಿಯಲ್ಲೇ ಇದ್ದೆ. ಎಲ್ಲ ಚೆನ್ನಾಗಿದೆ, ಫ್ರಿಜ್ಜಿನಲ್ಲಿ ಮೀನಿದೆ ಎಂದರು. ಕಾಕಾ ನನ್ನ ಕೈಯಿಂದ ಫೋನು ಇಸಿದುಕೊಂಡು, "ಬೆಲ್ಟಿನ ಕೆಳಗ ಕರೀ ಪುಡಿ ಬಿದ್ದೈತೇನ್ರಿ?" ಎಂದು ಕೇಳಿದರು. ಸ್ವಲ್ಪ ಬಿದ್ದಿತ್ತು. ಅರ್ಧ ಸುತ್ತು ಬಿಗಿ ಮಾಡಲು ಹೇಳಿ, ಅದೇ ಸಂಜೆ ಎರಡು ಬೆಲ್ಟನ್ನು ಕಾರವಾರಕ್ಕೆ ಕೊರಿಯರ್ ಮಾಡಿಸಿದರು, ದುಡ್ಡು ಆಮೇಲೆ ಕೊಡಲಿ ಎಂದರು.