ಮಿಸೌರಿಯ ಗಡಿಯಿಂದ ಬಂದ ಗಿಟಾರ್

ಅಮೆರಿಕದ ಭೂಪಟದ ನಡುಭಾಗದಲ್ಲಿ ಕಾನ್ಸಾಸ್ ಸಿಟಿ ಎಂಬ ಒಂದೇ ಹೆಸರಿನ ಎರಡು ನಗರಗಳು ಒಂದಕ್ಕೊಂದು ತಾಗಿಕೊಂಡಿವೆ. ಒಂದು ಮಿಸೌರಿ ರಾಜ್ಯಕ್ಕೆ ಸೇರಿದ್ದು, ಮತ್ತೊಂದು ಕಾನ್ಸಾಸ್ ರಾಜ್ಯಕ್ಕೆ. ದಕ್ಷಿಣಕ್ಕೆ ಸಾಗಿದಂತೆ ರಾಜ್ಯಗಳ ಗಡಿ ಒಂದು ಬೀದಿಯೇ ಆಗಿಬಿಡುತ್ತದೆ. ಅದರ ಹೆಸರೂ ಸ್ಟೇಟ್ ಲೈನ್ ರೋಡ್. ಈ ಬದಿಯ ಮನೆ ಒಂದು ಸರಕಾರದ ಆಡಳಿತಕ್ಕೆ ಒಳಪಟ್ಟರೆ ಎದುರುಮನೆ ಇನ್ನೊಂದರದಕ್ಕೆ. ತಲಪಾಡಿಯ ಗಡಿ ದಾಟಿ ಓದಿಗೂ ಔಷಧಿಗೂ ಹೋಗಿಬರುವ ಕುಟುಂಬಗಳಿಗೆ ಇದೇನೂ ಸೋಜಿಗದ ಸಂಗತಿಯಲ್ಲ. ಜಾಝ್ ಸಂಗೀತದ ಮಹಾಪುರುಷರಲ್ಲಿ ಒಬ್ಬನಾದ ಚಾರ್ಲಿ ಪಾರ್ಕರ್ 1920ರಲ್ಲಿ ಹುಟ್ಟಿದ್ದು ಕಾನ್ಸಾಸ್ ಬದಿಯಲ್ಲಿ, ಬೆಳೆದದ್ದು ಮಿಸೌರಿ ಬದಿಯಲ್ಲಿ. ಅವನ ಸ್ಯಾಕ್ಸೊಫೋನಿನ ನಾದದಲ್ಲಿ ಆ ಗೆರೆ ಎಲ್ಲಿದೆಯೆಂದು ಯಾರೂ ತೋರಿಸಲಾರರು.

ಈ ನಗರದ ಆಗ್ನೇಯಕ್ಕೆ ಲೀಸ್ ಸಮ್ಮಿಟ್ ಎಂಬ ಊರು. 1954ರಲ್ಲಿ ಅಲ್ಲಿ ಹುಟ್ಟಿದ ಪ್ಯಾಟ್ ಮೆಥೆನಿಯ ಮನೆಯಲ್ಲಿ ವಂಶಪಾರಂಪರ್ಯವಾಗಿ ಬಂದ ವಾದ್ಯವೆಂದರೆ ಟ್ರಂಪೆಟ್. ತಾತನೂ ಅಣ್ಣನೂ ಅದನ್ನೇ ನುಡಿಸುತ್ತಿದ್ದರು. ಹುಡುಗನೂ ಅದರಲ್ಲೇ ಆರಂಭಿಸಿ, ಹನ್ನೆರಡನೆಯ ವಯಸ್ಸಿನಲ್ಲಿ ಗಿಟಾರ್ ಹಿಡಿದನು. ಹದಿನೈದು ತುಂಬುವಷ್ಟರಲ್ಲಿ ಕಾನ್ಸಾಸ್ ಸಿಟಿಯ ಹಿರಿಯ ಜಾಝ್ ಕಲಾವಿದರ ಜೊತೆಗೆ ನುಡಿಸತೊಡಗಿದ್ದನು. ಹಿರಿಯ ಭಾಗವತರ ಪಕ್ಕದಲ್ಲಿ ಮದ್ದಳೆಗೆ ಕುಳಿತು ರಾತ್ರಿಯಿಡೀ ಕಲಿಯುವ ಬಾಲಕನ ಸ್ಥಿತಿಯನ್ನು ಬಲ್ಲವರಿಗೆ ಈ ಪಾಠಶಾಲೆಯ ಬಗೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬಳಿಕ ಮಯಾಮಿ, ಆಮೇಲೆ ಬಾಸ್ಟನ್. ಅಲ್ಲಿ ವೈಬ್ರಫೋನ್ ವಾದಕ ಗ್ಯಾರಿ ಬರ್ಟನ್ನನ ತಂಡದಲ್ಲಿ ಸ್ಥಾನ. 1975ರ ಡಿಸೆಂಬರಿನಲ್ಲಿ, ಇಪ್ಪತ್ತೊಂದರ ಹರೆಯದಲ್ಲಿ, ಪಶ್ಚಿಮ ಜರ್ಮನಿಯ ಲುಡ್ವಿಗ್ಸ್‌ಬರ್ಗ್ ನಗರದ ಧ್ವನಿಮುದ್ರಣಾಲಯದಲ್ಲಿ ಅವನು ತನ್ನ ಹೆಸರಿನ ಮೊದಲ ಆಲ್ಬಮ್ ಮುದ್ರಿಸಿದನು. ಮ್ಯೂನಿಕ್‌ನ ಇಸಿಎಂ ಸಂಸ್ಥೆ 1976ರಲ್ಲಿ ಹೊರತಂದ ಆ ಆಲ್ಬಮ್ಮಿನ ಹೆಸರು ‘ಬ್ರೈಟ್ ಸೈಜ್ ಲೈಫ್’. ಎಂಟು ರಚನೆಗಳು, ಸುಮಾರು ಮೂವತ್ತೇಳು ನಿಮಿಷ, ಹಾಡುವ ದನಿ ಒಂದೂ ಇಲ್ಲ.

ಎಂಟರಲ್ಲಿ ಏಳು ಅವನ ಸ್ವಂತ ರಚನೆಗಳು, ಆ ಏಳರಲ್ಲಿ ಐದಕ್ಕೆ ಊರಿನದೋ ಸೀಮೆಯದೋ ಹೆಸರು. ‘ಯೂನಿಟಿ ವಿಲೇಜ್’ ಲೀಸ್ ಸಮ್ಮಿಟ್‌ಗೆ ಅಂಟಿಕೊಂಡಿರುವ ಪುಟ್ಟ ಊರು. ಒಂದು ಧಾರ್ಮಿಕ ಸಂಸ್ಥೆಯ ನೆಲೆ, ಗೋಪುರಕ್ಕೂ ಕಾರಂಜಿಗಳಿಗೂ ಹೆಸರಾದದ್ದು. ‘ಒಮಾಹಾ ಸೆಲೆಬ್ರೇಶನ್’ ಎಂಬಲ್ಲಿನ ಒಮಾಹಾ, ಮಿಸೌರಿ ನದಿಯಗುಂಟ ಕಾನ್ಸಾಸ್ ಸಿಟಿಯಿಂದ ಮೇಲಕ್ಕೆ ಹೋದರೆ ಸಿಗುವ ನಗರ. ‘ಮಿಸೌರಿ ಅನ್‌ಕಾಂಪ್ರಮೈಸ್ಡ್’ ಎಂದರೆ ರಾಜಿಗೆ ಒಪ್ಪದ ಮಿಸೌರಿ. 1820ರ ‘ಮಿಸೌರಿ ರಾಜಿ’ಯನ್ನು ಶಾಲೆಯಲ್ಲಿ ಓದಿದ ಯಾವ ಅಮೆರಿಕನ್ನನಿಗೂ ಈ ಹೆಸರಿನ ಕೊಂಕು ಹೊಳೆಯುತ್ತದೆ. ಗುಲಾಮಗಿರಿಯನ್ನು ಉಳಿಸಿಕೊಂಡೇ ಮಿಸೌರಿ ಒಕ್ಕೂಟಕ್ಕೆ ಸೇರಲು ಆ ಒಪ್ಪಂದ ದಾರಿ ಮಾಡಿಕೊಟ್ಟಿತು. ಪಶ್ಚಿಮದ ನೆಲದಲ್ಲಿ ಒಂದು ಅಕ್ಷಾಂಶದ ಗೆರೆ ಎಳೆದು, ಅದರ ಉತ್ತರಕ್ಕೆ ಗುಲಾಮಗಿರಿ ಸಲ್ಲದೆಂದಿತು. ಮೂರು ದಶಕಗಳ ಬಳಿಕ ಇದೇ ಪ್ರಶ್ನೆಯ ಮೇಲೆ ಕಾನ್ಸಾಸ್–ಮಿಸೌರಿ ಗಡಿಯಲ್ಲಿ ರಕ್ತ ಹರಿಯಿತು. ‘ಅಂಕ್ವಿಟಿ ರೋಡ್’ ಮಾತ್ರ ದೂರದ್ದು, ಬಾಸ್ಟನ್ನಿನ ಪಕ್ಕದ ಮಿಲ್ಟನ್ ಊರಿನ ರಸ್ತೆ. ವಲಸೆ ಬಂದವರು ಊರಿಗೆ ಮಿಲ್ಟನ್ ಎಂದು ಹೊಸ ಹೆಸರಿಟ್ಟರು. ಮೂಲನಿವಾಸಿಗಳ ಹಳೆಯ ಹೆಸರು ರಸ್ತೆಯ ಫಲಕದ ಮೇಲೆ ಉಳಿದುಕೊಂಡಿತು. ಹೆಸರುಫಲಕಗಳ ಬೆಲೆ ಏನೆಂದು ಕಾಸರಗೋಡಿನ ಓದುಗರಿಗೆ ಹೇಳಿಕೊಡಬೇಕಾಗಿಲ್ಲ.

ಫ್ಯೂಷನ್ ಎಂದೊಡನೆ ಭಾರತೀಯ ಕೇಳುಗನಿಗೆ ನೆನಪಾಗುವುದು ಜಾನ್ ಮೆಕ್‌ಲಾಫ್ಲಿನ್ ಎಲ್. ಶಂಕರ್, ಜಾಕಿರ್ ಹುಸೇನ್ ಮೊದಲಾದವರೊಡನೆ ಕಟ್ಟಿದ ‘ಶಕ್ತಿ’ ತಂಡ. ಆ ತಂಡದ ಮೊದಲ ಆಲ್ಬಮ್ ಮುದ್ರಣವಾದದ್ದೂ ಇದೇ 1975ರಲ್ಲಿ. ಅಲ್ಲಿ ಮಿಂಚಿನ ವೇಗವೇ ಪ್ರಧಾನ. ಮೆಥೆನಿಯ ದಾರಿ ಬೇರೆ. ಗಿಟಾರ್, ಬಾಸ್ ಗಿಟಾರ್, ಡ್ರಮ್, ಇಷ್ಟೇ ಮೇಳ. ಆಲ್ಬಮ್ಮಿನ ಹೆಸರನ್ನೇ ಹೊತ್ತ ಮೊದಲ ರಚನೆಯಲ್ಲಿ ಗಿಟಾರಿನ ಸ್ವರಗಳು ಮೆಟ್ಟಿಲು ಮೆಟ್ಟಿಲಾಗಿ ಏರದೆ ದೂರದೂರಕ್ಕೆ ಹಾರಿ ಕೂರುತ್ತವೆ. ನಡುವಿನ ತೆರಪನ್ನು ವಾದಕನು ತುಂಬಲು ಹೋಗುವುದಿಲ್ಲ. ಕೆಳಗೆ ಜಾಕೊ ಪಾಸ್ಟೋರಿಯಸ್ಸನ ಬಾಸ್ ಬರಿಯ ಆಧಾರಸ್ವರವಾಗಿ ನಿಲ್ಲದೆ ಎರಡನೆಯ ಗಾಯಕನಂತೆ ಮಾತಿಗೆ ಮಾತು ಕೊಡುತ್ತದೆ. ಅವನ ವಾದ್ಯದಲ್ಲಿ ವೀಣೆಗಿರುವಂಥ ಮೆಟ್ಟಿಲುಗಳಿಲ್ಲ. ಆದುದರಿಂದ ಪಿಟೀಲಿನಂತೆ ಸ್ವರದಿಂದ ಸ್ವರಕ್ಕೆ ಜಾರಬಲ್ಲುದು, ಗಮಕಕ್ಕೆ ಪಳಗಿದ ಕಿವಿ ಅದನ್ನು ಒಡನೆ ಗುರುತಿಸೀತು. ಬಾಬ್ ಮೋಸಸ್ಸನ ಡ್ರಮ್ ಇಬ್ಬರ ನಡುವೆ ಗದ್ದಲವೆಬ್ಬಿಸದೆ ನಡೆಯುತ್ತದೆ.

‘ಯೂನಿಟಿ ವಿಲೇಜ್’ನಲ್ಲಿ ಆ ಇಬ್ಬರೂ ಇಲ್ಲ. ಮೆಥೆನಿ ತಾನು ನುಡಿಸಿದ ಗಿಟಾರಿನ ಮೇಲೆ ಮತ್ತೊಮ್ಮೆ ತಾನೇ ನುಡಿಸಿ ಮುದ್ರಿಸಿದ್ದಾನೆ. ಊರನ್ನು ಬಿಟ್ಟವನು ಊರಿನ ಕುರಿತು ತನ್ನೊಡನೆ ತಾನೇ ಮಾತಾಡಿಕೊಂಡಂತಿರುವ ಈ ನಾಲ್ಕು ನಿಮಿಷಕ್ಕೂ ಕಿರಿದಾದ ರಚನೆಯೇ ಆಲ್ಬಮ್ಮಿನ ಹೃದಯ. ‘ಮಿಡ್‌ವೆಸ್ಟರ್ನ್ ನೈಟ್ಸ್ ಡ್ರೀಮ್’ನಲ್ಲಿ ಹನ್ನೆರಡು ತಂತಿಗಳ ಗಿಟಾರ್ ಕತ್ತಲನ್ನು ಹರಡುತ್ತದೆ. ಕೊನೆಯದಾದ ‘ರೌಂಡ್ ಟ್ರಿಪ್/ಬ್ರಾಡ್‌ವೇ ಬ್ಲೂಸ್’ ಆರ್ನೆಟ್ ಕೋಲ್‌ಮನ್ನನ ರಚನೆ. ಹಿರಿಯನಿಗೆ ಸಲ್ಲಿಸಿದ ಗೌರವವಾಗಿ ಒಳ್ಳೆಯದೇ, ಆದರೆ ಉಳಿದ ಏಳರ ಗುಂಗಿನಿಂದ ಸ್ವಲ್ಪ ಹೊರಗೆ ನಿಂತಿದೆ.

ಈ ಆಲ್ಬಮ್ಮಿನಲ್ಲಿ ಅಮೆರಿಕದ ಹುಲ್ಲುಬಯಲು ಕೇಳಿಸುತ್ತದೆಂದು ಬರೆಯುವುದು ವಾಡಿಕೆಯಾಗಿದೆ. ಈ ಮಾತನ್ನು ಸುಲಭದಲ್ಲಿ ಒಪ್ಪಲಾಗದು. ಹೆಸರುಗಳನ್ನು ಅದಲುಬದಲು ಮಾಡಿದರೆ ಒಮಾಹಾ ಯಾವುದು, ಮಿಲ್ಟನ್ ಯಾವುದು ಎಂದು ಹೊಸ ಕೇಳುಗನಿಗೆ ತಿಳಿಯದು. ಇದು ಮುದ್ರಣವಾದದ್ದೂ ಬಯಲಿನಲ್ಲಲ್ಲ, ಚಳಿಗಾಲದ ಜರ್ಮನ್ ನಗರದ ಮುಚ್ಚಿದ ಕೋಣೆಯಲ್ಲಿ. ಸಂಗೀತದಲ್ಲಿ ಊರಿದ್ದರೆ ಅದು ಹೆಸರಿಗಿಂತ ಮೊದಲೇ, ಹುಡುಗನು ಹಿರಿಯರ ಪಕ್ಕದಲ್ಲಿ ಕುಳಿತು ಕಲಿತ ನಡೆಯಲ್ಲಿ ಇದೆ. ಅವಸರಪಡದೆ, ಮಾತಿನ ನಡುವೆ ಮೌನಕ್ಕೆ ಎಡೆಗೊಡುವ ಆ ನಡೆಯಲ್ಲಿ. ಹೆಸರುಗಳನ್ನು ಅವನು ಮೇಲಿಂದ ಅಂಟಿಸಿದ್ದು, ದೂರದೇಶದಲ್ಲಿ ತನ್ನವು ಮರೆಯಾಗದಿರಲೆಂದು ಇದ್ದೀತು.

ಪಾಸ್ಟೋರಿಯಸ್ 1987ರಲ್ಲಿ, ಮೂವತ್ತೈದರ ವಯಸ್ಸಿನಲ್ಲಿ ತೀರಿಕೊಂಡನು. ಆಲ್ಬಮ್ಮನ್ನು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2021ರಲ್ಲಿ ಸಂರಕ್ಷಿಸಬೇಕಾದ ಧ್ವನಿಮುದ್ರಣಗಳ ರಾಷ್ಟ್ರೀಯ ಪಟ್ಟಿಗೆ ಸೇರಿಸಿತು. ಮಕ್ಕಳಿಗೆ ಕೇಳಿಸುವ ಮನಸ್ಸುಳ್ಳವರು ಮೂರನೆಯದಾದ ‘ಯೂನಿಟಿ ವಿಲೇಜ್’ನಿಂದ ಆರಂಭಿಸಿ, ಅನಂತರ ಮೊದಲನೆಯದಕ್ಕೆ ಮರಳಿ, ಗಿಟಾರನ್ನು ಬಿಟ್ಟು ಬಾಸಿನ ದನಿಯನ್ನಷ್ಟೇ ಹಿಂಬಾಲಿಸಲು ಹೇಳಬಹುದು. ಪಕ್ಕದಲ್ಲಿ ಒಂದು ಭೂಪಟವಿರಲಿ.